ನಲವತ್ತನೆಯ ದೀಪ

2024ರ ನವೆಂಬರ್ ಹದಿನಾಲ್ಕು, ಗುರುವಾರ. ಬೆಳಗಿನಿಂದ ಮೋಡ. ಸಂಜೆ ಐದರ ಹೊತ್ತಿಗೆ ನಾಲ್ಕು ಹನಿ ಬಿದ್ದು ನಿಂತಿತು. ಆಮೇಲೆ ಗಾಳಿಯೇ ಇಲ್ಲ. ಮಾರನೆಯ ದಿನ ಹುಣ್ಣಿಮೆ. ಆದರೂ ಚಂದ್ರ ಮೋಡದ ಹಿಂದೆ ಎಲ್ಲೋ ಇದ್ದಾನೆ ಅನ್ನುವಷ್ಟೇ ಬೆಳಕು.

ಲೋಕೇಶ ಕೊನೆಯ ಬಸ್ಸಿನಿಂದ ಊರ ಗೇಟಿನಲ್ಲಿ ಇಳಿದಾಗ ರಾತ್ರಿ ಹತ್ತೂಕಾಲು.

ಲೋಕೇಶ ಅಂದರೆ ನಮ್ಮ ಚಿಕ್ಕಮ್ಮನ ಮಗ. ಚನ್ನಪಟ್ಟಣದ ಅಂಚಿನಲ್ಲಿ ಬಾಡಿಗೆಯದೊಂದು ಶೆಡ್ಡು, ಅದರಲ್ಲಿ ಎರಡು ಲೇತು. ಅದೇ ಅವನ ಕಾರ್ಖಾನೆ. ಇಪ್ಪತ್ತು ವರ್ಷದಿಂದ ಮರದ ಬೊಂಬೆ, ಬುಗುರಿ, ಗಿಲಕಿ ಕಡೆಯುತ್ತಾ ಬಂದವನು. ಸುಳ್ಳು ಹೇಳುವವನಲ್ಲ. ಅವನು ಮಾತಾಡುವುದೇ ಕಡಿಮೆ. ಇದನ್ನು ಅವನ ಬಾಯಿಂದ ಬಿಡಿಸಿಕೊಳ್ಳಲು ಮೂರು ರಾತ್ರಿ ಬೇಕಾಯಿತು.

ಗೇಟಿನಿಂದ ಊರಿಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಬೈಕು ನಾಲ್ಕು ದಿನದಿಂದ ಮೆಕ್ಯಾನಿಕ್ ಹತ್ತಿರ ಬಿಚ್ಚಿ ಬಿದ್ದಿತ್ತು. ನಾಳೆ ಅಂದಿದ್ದ, ಆ ನಾಳೆ ಇನ್ನೂ ಬಂದಿರಲಿಲ್ಲ. ಲೋಕೇಶ ನಡೆದ. ಹೆಗಲಿಗೆ ಬ್ಯಾಗು. ಬ್ಯಾಗಿನಲ್ಲಿ ಒಂದೇ ಒಂದು ದೀಪ.

ಅದು ವೈರಿಲ್ಲದ ದೀಪ. ಮೊಬೈಲಿನ ಹಾಗೆ ಚಾರ್ಜು ಮಾಡಿ ಮೇಜಿನ ಮೇಲೆ, ತೋಟದಲ್ಲಿ, ಮೆಟ್ಟಿಲ ಮೇಲೆ ಎಲ್ಲಿ ಬೇಕಾದರೂ ಇಡಬಹುದು. ಮೊಳದುದ್ದ. ಮೇಲರ್ಧ ಬಣ್ಣವಿಲ್ಲದ ಬಿಳಿ ಹಾಲೆ ಮರ. ಕೆಳಗರ್ಧಕ್ಕೆ ಅರಿಸಿನ ಬಣ್ಣದ ಅರಗು ಹಚ್ಚಿ, ತಾಳೆಗರಿ ಒತ್ತಿ ಹೊಳಪು ತಂದದ್ದು. ಬುಡದೊಳಗೆ ಬ್ಯಾಟರಿ. ನೆತ್ತಿ ಮುಟ್ಟಿದರೆ ಹತ್ತುತ್ತದೆ, ಮತ್ತೆ ಮುಟ್ಟಿದರೆ ಆರುತ್ತದೆ. ಸಾವನದುರ್ಗದ ತಪ್ಪಲಲ್ಲಿ ಹೊಸದಾಗಿ ಶುರುವಾಗುವ ಒಂದು ರೆಸಾರ್ಟಿನವರು ಇಂಥ ನಲವತ್ತು ದೀಪ ಹೇಳಿದ್ದರು. ಒಂದಕ್ಕೆ ಸಾವಿರದ ಎಂಟುನೂರ ಐವತ್ತು. ಮೂವತ್ತೊಂಬತ್ತು ಸರಿಯಾಗಿದ್ದವು. ನಲವತ್ತನೆಯದು ಸದ್ದು ಮಾಡುತ್ತಿತ್ತು.

ಹತ್ತಿದ್ದಾಗ ಇಲ್ಲ, ಆರಿದಾಗ. ಕತ್ತಲಲ್ಲಿ ಕೈಯಲ್ಲಿ ಎತ್ತಿದರೆ ಒಳಗಿನಿಂದ... ಗಿಲಕ್.

ಬಿಚ್ಚಿದ. ಏನೂ ಇಲ್ಲ. ಬ್ಯಾಟರಿ ಬದಲಾಯಿಸಿದ. ಸ್ಕ್ರೂ ಬಿಗಿ ಮಾಡಿದ. ಸಂದಿಗೆಲ್ಲ ಹತ್ತಿ ತುರುಕಿದ. ವೈರಿಗೆ ಮೇಣ ಬಿಟ್ಟ. ಕಾರ್ಖಾನೆಯ ಬೆಳಕಿನಲ್ಲಿ ಅಲ್ಲಾಡಿಸಿದರೆ ಸದ್ದಿಲ್ಲ. ರೆಸಾರ್ಟಿಗೆ ಒಯ್ದರೆ ಗಿಲಕ್. ಆ ಗುರುವಾರ ಅವನು ಹೋಗಿದ್ದು ಮೂರನೆಯ ಸಲ. ಎರಡು ಬಸ್ಸು, ಒಂದು ಆಟೊ.

ರೆಸಾರ್ಟಿನ ಡಿಸೈನರ್ ನಯನಾ ಬೆಂಗಳೂರಿನ ಹುಡುಗಿ. ದೀಪದ ಚಿತ್ರ ಬರೆದುಕೊಟ್ಟವಳು ಅವಳೇ. ಕತ್ತಲ ಕೋಣೆಯಲ್ಲಿ ದೀಪ ಆರಿಸಿ, ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ವಾಲಿಸಿದಳು.

"ಲೋಕೇಶ್ ಅವರೇ, ಇದು ದೀಪಾನಾ, ಹುಂಡಿಯಾ?"

"ಒಳಗೆ ಏನೂ ಇಲ್ಲ ಮೇಡಂ. ನಿಮ್ ಎದುರಿಗೇ ಬಿಚ್ಚಿದೀನಿ."

"ಮತ್ತೆ ಸದ್ದು ಎಲ್ಲಿಂದ ಬರುತ್ತೆ?"

"ಗೊತ್ತಿಲ್ಲ."

"ಭಾನುವಾರ ರಾತ್ರಿ ತೋಟದಲ್ಲಿ ನಲವತ್ತು ಟೇಬಲ್ ಹಾಕ್ತೀವಿ. ಊಟ ಮುಗಿಸಿ ಗೆಸ್ಟುಗಳು ದೀಪ ಕೈಲಿ ಹಿಡ್ಕೊಂಡೇ ರೂಮಿಗೆ ಹೋಗ್ತಾರೆ. ಎಲ್ಲಾ ಒಂದೇ ಥರ ಇರಬೇಕು. ಒಂದು ಕಡಿಮೆ ಬಿದ್ರೂ ನಲವತ್ತೂ ವಾಪಸ್. ಓನರು ಆಗಲೇ ಹಿತ್ತಾಳೆ ದೀಪ ನೋಡಿಟ್ಟಿದ್ದಾರೆ. ಮರದ್ದೇ ಬೇಕು ಅಂತ ಹಟ ಹಿಡಿದವಳು ನಾನು. ನನ್ನ ಮುಖಾನೂ ಸ್ವಲ್ಪ ನೋಡಿ."

ಬೇರೆ ಮರದಲ್ಲಿ ಒಂದು ಮಾಡಿಕೊಡಬಹುದಿತ್ತಲ್ಲ ಅನ್ನಬಹುದು. ಮಾಡಿದ್ದ. ಬೇರೆ ಮರದ ಬಿಳುಪೇ ಬೇರೆ. ಮೂವತ್ತೊಂಬತ್ತರ ಪಕ್ಕ ಇಟ್ಟರೆ ಹಾಲಿನ ಪಕ್ಕ ಮಜ್ಜಿಗೆ ಇಟ್ಟ ಹಾಗೆ ಕಾಣುತ್ತಿತ್ತು. ಈ ನಲವತ್ತೂ ಒಂದೇ ಮರದವು. ಆ ಮರ ಕೊಟ್ಟ ಒಳ್ಳೆಯ ತುಂಡು ಸರಿಯಾಗಿ ನಲವತ್ತು. ಉಳಿದದ್ದೆಲ್ಲ ಗಂಟು, ಬಿರುಕು.

ಮಾಲು ವಾಪಸ್ಸು ಬಂದರೆ ಬೊಂಬೆ ಅಂಗಡಿಯವರು ಅದನ್ನು ಮುಟ್ಟುವುದಿಲ್ಲ. ಎರಡು ಲೇತಿನಲ್ಲಿ ಒಂದು ನಿಲ್ಲಬೇಕಾಗುತ್ತದೆ. ಆ ಒಂದರ ಮುಂದೆ ಕೂತು ಕೆಲಸ ಮಾಡುತ್ತಿದ್ದವರು ಹುಸೇನ್. ಲೋಕೇಶನ ಕೈಗೆ ಮೊದಲು ಉಳಿ ಕೊಟ್ಟವರೇ ಅವರು. ಅರವತ್ತಾಗಿದೆ. ನಾಳೆಯಿಂದ ಬರಬೇಡಿ ಭಾಯ್ ಅಂತ ಅವರಿಗೆ ಹೇಗೆ ಹೇಳುವುದು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದೇ.

ದಾರಿಯ ನಡುವೆ ಗಂಗಯ್ಯನ ಬಾವಿ. ಹಳೆಯ ಕಲ್ಲುಕಟ್ಟಡದ ಬಾವಿ, ದಾರಿಗೆ ಆತುಕೊಂಡೇ ಇದೆ. ಕಟ್ಟೆಯ ಪಕ್ಕ ಒಂದು ಮರದ ಬುಡ. ಕಡಿದ ಹಾಲೆ ಮರ. ಕಡಿಸಿದವನು ಲೋಕೇಶ. ಬ್ಯಾಗಿನಲ್ಲಿದ್ದ ದೀಪ ಆ ಮರದ್ದೇ.

ಗಿಲಕ್... ಗಿಲಕ್...

ನಡೆಯುವಾಗ ಬ್ಯಾಗು ಅಲ್ಲಾಡುತ್ತದೆ, ಸದ್ದು ಬರುತ್ತದೆ. ಸರಿ.

ಲೋಕೇಶ ನಿಂತ.

ಗಿಲಕ್... ಗಿಲಕ್...

ನಿಂತ ಮೇಲೂ ಅದೇ ಹದದಲ್ಲಿ. ಅವನಿಗೆ ಹೆದರಿಕೆ ಆಗಲಿಲ್ಲವಂತೆ. ಆದದ್ದು ಸಿಟ್ಟು. "ನಿನ್ನ ಮನೆ ಕಾಯ್ವಾಗ" ಅಂತ ಬೈದು ಬ್ಯಾಗಿನ ಜಿಪ್ಪು ಎಳೆದ. ಇಪ್ಪತ್ತು ವರ್ಷ ಗಿಲಕಿ ಮಾಡಿದವನ ಕಿವಿ ಅದು. ಸದ್ದು ಕೇಳಿಯೇ ಒಳಗೆ ಏನಿದೆ, ಎಷ್ಟಿದೆ ಅಂತ ಹೇಳುವವನು. ವೈರಲ್ಲ. ಸ್ಕ್ರೂ ಅಲ್ಲ. ಮರದ ಟೊಳ್ಳಿನಲ್ಲಿ ಗಟ್ಟಿ ಬೀಜ ಉರುಳುವ ಸದ್ದು. ಏಳು ಬೀಜ. ಆರಲ್ಲ, ಎಂಟಲ್ಲ.

ದೀಪ ಹೊರಗೆ ತೆಗೆದು ನೆತ್ತಿ ಮುಟ್ಟಿದ. ಹತ್ತಿತು. ಸದ್ದು ನಿಂತಿತು.

ಬೆಳಕು ಬಾವಿಯ ಕಟ್ಟೆಯವರೆಗೆ ಹರಡಿತು. ಮರದ ಬುಡದ ಮೇಲೆ ಒಬ್ಬಳು ಮುದುಕಿ ಕೂತಿದ್ದಳು.

ಅವನ ಕಡೆಗೆ ಬೆನ್ನು. ತಲೆ ತುಂಬ ಸೆರಗು. ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ತೂಗುತ್ತಿದ್ದಳು.

ಗಂಗಯ್ಯನ ತಾಯಿ ದೊಡ್ಡಲಕ್ಷ್ಮಮ್ಮ ಅಂದುಕೊಂಡ ಲೋಕೇಶ. ಆ ಜಾಗದಲ್ಲಿ ಬೇರೆ ಯಾರು ಕೂರುತ್ತಾರೆ?

"ಅಜ್ಜೀ..."

"ಶ್... ಮೆತ್ತಗೆ."

"ಏನಜ್ಜಿ ಈ ಹೊತ್ನಲ್ಲಿ? ಗಂಗಣ್ಣ ಎಲ್ಲಿ?"

"ಈಗ ತಾನೆ ಮಲಗೈತೆ. ಎಬ್ಬಿಸ್ಬ್ಯಾಡ."

"ಯಾವ್ದು?"

ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು... ಟಪ್. ಮುದುಕಿ ಕೇಳಿದಳು:

"ತಂದ್ಯಾ?"

ಏನು ಅಂತ ಲೋಕೇಶನಿಗೆ ತಕ್ಷಣ ನೆನಪಾಯಿತು. ಜೂನಿನಲ್ಲಿ ಮರ ಕಡಿಯುವ ದಿನ ದೊಡ್ಡಲಕ್ಷ್ಮಮ್ಮ ಕೋಲೂರಿಕೊಂಡು ಬಂದು ಒಂದೇ ಒಂದು ಮಾತು ಹೇಳಿದ್ದಳು. ಮೊದಲನೇ ತುಂಡಲ್ಲಿ ಒಂದು ಗಿಲಕಿ ಮಾಡ್ಕೊಡಪ್ಪ ಅಂತ. ಆಯ್ತಜ್ಜಿ ಅಂದಿದ್ದ. ಮರ ಒಣಗಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಈ ದೀಪದ ಕೆಲಸ ಬಂತು. ಮರೆತಿದ್ದ.

"ಭಾನುವಾರ ಒಂದು ಕಳೀಲಿ ಅಜ್ಜಿ. ಒಂದಲ್ಲ, ಹತ್ತು ಮಾಡ್ಕೊಡ್ತೀನಿ."

"ಹತ್ ಯಾಕೆ... ಮೊದಲನೇದ್ ಸಾಕು."

"ಆಯ್ತು, ನೀವೀಗ ಮನೆಗ್ ನಡೀರಿ. ಥಂಡಿ ಐತೆ."

"ದೀಪ ಆರ್ಸು ಮಗ. ಕಣ್ಣಿಗೆ ಹೊಡೀತದೆ... ಎದ್ಬುಡ್ತದೆ."

ಅವನು ಆರಿಸಿದ. ಯಾಕೆ ಆರಿಸಿದೆ ಅಂತ ಇವತ್ತಿಗೂ ಗೊತ್ತಿಲ್ಲ ಅನ್ನುತ್ತಾನೆ. ಹೇಳಿದಳು, ಆರಿಸಿದ.

ಅವನ ಕೈಯಲ್ಲಿ ದೀಪ ತಾನಾಗಿ... ಗಿಲಕ್.

ಕತ್ತಲಲ್ಲಿ ಯಾರೋ ನಕ್ಕರು. ಮುದುಕಿಯ ನಗುವಲ್ಲ. ಹಲ್ಲು ಬಾರದ ಬಾಯಿ, ಉಸಿರನ್ನೇ ಸರಿಯಾಗಿ ಹಿಡಿಯಲು ಬಾರದ ನಗು. ಒಂದೇ ಸಲ.

ಲೋಕೇಶ ಬಿರಬಿರನೆ ನಡೆದ. ಓಡಲಿಲ್ಲ ಅನ್ನುತ್ತಾನೆ. ಚಪ್ಪಲಿ ಒಂದು ಅಲ್ಲೇ ಉಳಿದಿತ್ತು ಅನ್ನುವುದನ್ನು ಅವನ ಹೆಂಡತಿ ಭಾನುಪ್ರಿಯ ಹೇಳಿದಳು.

ಮನೆಯಲ್ಲಿ ಅವನು ಬಾವಿಯ ವಿಷಯ ಎತ್ತಲಿಲ್ಲ. ದೀಪವನ್ನು ಅಟ್ಟದ ಮೇಲಿಟ್ಟು ಗೋಡೆಗೆ ಒರಗಿ ಕೂತ.

"ಒಂದು ಸದ್ದು ಕಣೆ. ಒಂದೇ ಒಂದು ಸದ್ದು. ತಲೆ ತಿಂತಾ ಐತೆ."

"ಅದು ತಲೆ ತಿನ್ಲಿ. ನೀವು ಮುದ್ದೆ ತಿನ್ನಿ, ಆರೋಗ್ತದೆ" ಅಂದಳು ಭಾನುಪ್ರಿಯ.

ಉಂಡು ಮಲಗಿದ. ನಿದ್ದೆ ಬರಲಿಲ್ಲ. ಗಂಗಯ್ಯನ ಮೇಲೆ ಕೋಪ ಬಂತು. ಬುದ್ಧಿ ಮಂಕಾದ ಮುದುಕಿಯನ್ನು ರಾತ್ರಿ ಹೊತ್ತು ಬಾವಿ ಹತ್ತಿರ ಬಿಡುತ್ತಾನಲ್ಲ, ಬಿದ್ದರೆ ಯಾರು ಹೊಣೆ? ನಗುವಿನ ವಿಷಯ ಯೋಚಿಸಲಿಲ್ಲ. ಯೋಚಿಸಬಾರದು ಅಂತಲೇ ಕೋಪ ಮಾಡಿಕೊಂಡ ಅಂತ ಕಾಣುತ್ತದೆ.

ಶುಕ್ರವಾರ ಬೆಳಗ್ಗೆ ಕಾರ್ಖಾನೆ. ಹುಸೇನ್ ಕನ್ನಡಕ ಮೂಗಿನ ತುದಿಗೆ ಇಳಿಸಿ ದೀಪ ಬಿಚ್ಚಿದರು. ಬ್ಯಾಟರಿ ತೆಗೆದರು, ಪ್ಲೇಟು ತೆಗೆದರು. ಬರೀ ಮರ ಉಳಿಯಿತು. ಆ ಖಾಲಿ ಮರವನ್ನು ಗೋಣಿಚೀಲದ ಕೆಳಗೆ ಕತ್ತಲಲ್ಲಿ ಹಿಡಿದು ಅಲ್ಲಾಡಿಸಿದರು.

ಗಿಲಕ್.

"ಬೊಂಬೆ ಮಾಡೋರಪ್ಪಾ ನಾವು" ಅಂದರು ಹುಸೇನ್. "ಸದ್ದು ಬಂದ್ರೆ ಮಕ್ಳು ನಗ್ತಿದ್ವು. ದೊಡ್ಡೋರ ಸಾಮಾನು ಮಾಡಾಕ್ ಹೋದೆ ನೀನು. ಈಗ ಸದ್ದು ಬಂದ್ರೆ ಮೇಡಂ ಅಳ್ತಾರೆ."

"ತಮಾಷೆ ಬ್ಯಾಡ ಭಾಯ್. ನಾಳೆ ಮಾಲು ಹೋಗ್ಬೇಕು."

ಹುಸೇನ್ ಮರದ ಒಳಮೈಗೆ ಬೆರಳಾಡಿಸಿದರು. ನುಣುಪಾಗಿತ್ತು. ಬಿರುಕಿಲ್ಲ, ಹುಳ ಇಲ್ಲ.

"ಇದು ಎಷ್ಟ್ನೇ ತುಂಡು?"

"ಸ್ಯಾಂಪಲ್ಲು ಇದು. ಮೊದ್ಲು ಕಡ್ದಿದ್ದು ಇದೇ. ಮೇಡಂ ಹತ್ರ ಇತ್ತಲ್ಲ, ಅದಕ್ಕೆ ನಂಬರು ಕೊನೇಲಿ ಹಾಕ್ದೆ, ನಲವತ್ತು ಅಂತ."

ಹುಸೇನ್ ಕನ್ನಡಕ ತೆಗೆದರು.

"ಮರದ ಮನೆಗೆ ಏನ್ ಕೊಟ್ಟೆ?"

"ದುಡ್ಡು ಕೊಟ್ಟೆ. ಗಂಗಣ್ಣ ಎಣಿಸ್ಕೊಂಡ."

"ದುಡ್ಡು ಮರಕ್ಕೆ ಆಯ್ತು. ಮೊದಲ್ನೇ ತುಂಡು ಯಾರಿಗೆ?"

ಹುಸೇನರ ತಂದೆಯ ಕಾಲದಿಂದ ಅವರ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಹೊಲದ ಮರ ತಂದರೂ ಸರಿ, ಅದರಲ್ಲಿ ಮೊದಲು ಕಡೆದ ಸಾಮಾನು ಮಾರುವಂತಿಲ್ಲ. ಅದನ್ನು ಆ ಮನೆಗೇ ಕೊಡಬೇಕು. ಬುಗುರಿಯೋ, ಗಿಲಕಿಯೋ, ಕುಂಕುಮದ ಭರಣಿಯೋ. ಮರ ನೆಟ್ಟವರಿಗೆ ಮರ ಏನಾಯಿತು ಅಂತ ಗೊತ್ತಾಗಬೇಕಲ್ಲ, ಅಷ್ಟೇ. ಬೇರೆ ಯಾವ ಶಾಸ್ತ್ರವೂ ಇಲ್ಲ. ಲೋಕೇಶನಿಗೂ ಇದು ಗೊತ್ತಿತ್ತು, ಮೊದಲ ವರ್ಷಗಳಲ್ಲಿ ತಪ್ಪದೆ ಮಾಡಿದ್ದ. ಈಚೆಗೆ ಮರ ಡಿಪೋದಿಂದ ಬರುತ್ತದೆ. ಡಿಪೋದ ಮರಕ್ಕೆ ಮನೆ ಯಾವುದು? ಹಾಗೆ ಬಿಟ್ಟುಹೋಗಿತ್ತು.

"ಅದಕ್ಕೂ ಇದಕ್ಕೂ ಏನ್ ಭಾಯ್?"

"ನಂಗೊತ್ತಿಲ್ಲ. ಹೋಗಿ ಕೇಳು. ಕೇಳೋಕೇನು ಚಾರ್ಜು ಮಾಡಾಕಿಲ್ಲ."

ಮಧ್ಯಾಹ್ನ ಲೋಕೇಶ ದೀಪ ಜೋಡಿಸಿ, ಬ್ಯಾಗಿಗೆ ಹಾಕಿಕೊಂಡು ಗಂಗಯ್ಯನ ಮನೆಗೆ ಹೋದ. ಹೋದದ್ದು ಜಗಳಕ್ಕೆ. ಗಂಗಯ್ಯ ಜಗುಲಿಯಲ್ಲಿ ಹುರುಳಿ ಹಸನು ಮಾಡುತ್ತಿದ್ದ.

"ಏನಣ್ಣ ನೀನು? ಅಜ್ಜೀನ ರಾತ್ರಿ ಹತ್ತು ಗಂಟೇಲಿ ಬಾವಿ ತಾವ ಬಿಟ್ಟು ಮಲಗ್ತೀಯಲ್ಲ, ಜ್ಞಾನ ಐತಾ?"

ಗಂಗಯ್ಯ ಮೊರ ಕೆಳಗಿಟ್ಟ. "ಯಾವಜ್ಜಿ?"

"ನಿಮ್ಮವ್ವ."

"ಕುಡ್ದಿದ್ಯಾ? ಬಾ ಒಳೀಕೆ."

ಕಿಟಕಿಯಿಲ್ಲದ ಕತ್ತಲೆ ನಡುಮನೆಯ ಮಂಚದ ಮೇಲೆ ದೊಡ್ಡಲಕ್ಷ್ಮಮ್ಮ ಮಲಗಿದ್ದಳು. ಸೊಂಟದ ಎರಡೂ ಕಡೆ ದಿಂಬು. ಕಾಲಿಗೆ ತೂಕ ಕಟ್ಟಿತ್ತು.

"ದಸರಾ ಟೈಮಲ್ಲಿ ಬಚ್ಚಲಲ್ಲಿ ಜಾರ್ಬುಟ್ಟು ಸೊಂಟ ಮುರ್ಕೊಂಡೈತೆ. ಒಂದು ತಿಂಗ್ಳಾಯ್ತು, ಮಗ್ಗುಲು ತಿರುಗ್ಬೇಕಾದ್ರೂ ಇಬ್ರು ಬೇಕು" ಅಂದ ಗಂಗಯ್ಯ.

ತಿಂಗಳಿಡೀ ದೀಪದ ಕೆಲಸದಲ್ಲಿ ಮುಳುಗಿದ್ದ ಲೋಕೇಶನ ಕಿವಿಗೆ ಈ ಸುದ್ದಿ ಬಿದ್ದಿರಲಿಲ್ಲ. ಮುದುಕಿ ಕಣ್ಣು ಬಿಟ್ಟು ನೋಡಿದಳು. ಗುರುತು ಹಿಡಿದಳು.

"ಬೊಂಬೆ ಲೋಕೇಶ ಅಲ್ವಾ? ಬಾ ಕೂತ್ಕೊ."

"ಅಜ್ಜಿ... ರಾತ್ರಿ ಬಾವಿ ತಾವ ಒಬ್ರನ್ನ ಕಂಡೆ. ನೀವು ಅನ್ಕೊಂಡೆ. ಗಿಲಕಿ ತಂದ್ಯಾ ಅಂತ ಕೇಳಿದ್ರು."

ಗಂಗಯ್ಯ ಏನೋ ಅನ್ನಲು ಹೋದ. ದೊಡ್ಡಲಕ್ಷ್ಮಮ್ಮ ಕೈಯೆತ್ತಿ ತಡೆದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲವಂತೆ. ಅಂಗಡಿಗೆ ಹೋದವರು ಬಂದರೇ ಅಂತ ಕೇಳುವಾಗ ಇರುತ್ತದಲ್ಲ, ಅಂಥ ಮುಖ.

"ನಾನೆಲ್ಲಿ ಏಳ್ಲಪ್ಪ. ನಮ್ಮತ್ತೆ ಇರ್ಬೇಕು. ಅವಳೇ ಅಲ್ವಾ ಎತ್ತಾಡ್ಸೋಳು."

ಅತ್ತೆ ತೀರಿಕೊಂಡು ನಲವತ್ತು ವರ್ಷವಾಗಿತ್ತು.

ಮುದುಕಿ ಮೆಲ್ಲಗೆ ಹೇಳಿದಳು. ಗಂಗಯ್ಯನಿಗಿಂತ ಮೊದಲು ಒಂದು ಗಂಡು ಹುಟ್ಟಿತ್ತು. ಏಳು ತಿಂಗಳು ಇತ್ತು. ಜ್ವರ ಬಂದು ಮೂರು ದಿನಕ್ಕೆ ಹೋಯಿತು. ಬಾವಿಯ ಪಕ್ಕ ಹೂತರು. ಮಗುವಿಗೆ ಹಾಲಿನ ಆಸೆ ತೀರಿರಲಿಲ್ಲ ಅಂತ ಅತ್ತೆ ಅಲ್ಲಿ ಹಾಲೆ ಗಿಡ ನೆಟ್ಟಳು. ಹಾಲೆಯ ಎಲೆ ಕಿತ್ತರೆ ಹಾಲು ಬರುತ್ತದಲ್ಲ, ಅದಕ್ಕೆ. ಅತ್ತೆ ಬದುಕಿದ್ದಷ್ಟು ದಿನವೂ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದಳು.

"ಬೇರು ಬಾವಿ ಕಲ್ಲು ಒಡೀತೈತೆ ಅಂದ ಇವನು. ಕಡಿಸ್ಲಿ ಬುಡು ಅಂದೆ. ಒಂದು ಗಿಲಕಿ ಆದ್ರೆ ಅದರ ಕೈಗೆ ಕೊಡಾನಾ ಅನ್ಕೊಂಡಿದ್ದೆ. ಆಗ ಬಡತನ, ಒಂದು ಗಿಲಕೀನೂ ಕೊಡಿಸಿರ್ಲಿಲ್ಲ."

"ಬೇರೆ ಮರದಲ್ಲಿ ಮಾಡ್ಕೊಟ್ರೆ ಆಗಾಕಿಲ್ವಾ ಅಜ್ಜಿ? ಈಗ್ಲೇ ಹೋಗಿ ಮಾಡ್ಕೊಂಡು ಬತ್ತೀನಿ. ಒಂದು ಗಂಟೆ ಸಾಕು."

"ಬೇರೆ ಮರ ಬೇರೆ ಮನೇದು ಕಣಪ್ಪ."

ಲೋಕೇಶನ ಬ್ಯಾಗಿನಲ್ಲಿ ಸದ್ದಾಯಿತು. ಗಿಲಕ್.

ಮುದುಕಿ ತಲೆ ತಿರುಗಿಸಿದಳು. "ಏನದು?"

ತೋರಿಸದೆ ಇರಬಹುದಿತ್ತು. ಎದ್ದು ಹೋಗಬಹುದಿತ್ತು. ಅವನ ಮನಸ್ಸಿನಲ್ಲಿ ಆಗ ದಯೆ ಕರುಣೆ ಏನೂ ಇರಲಿಲ್ಲವಂತೆ. ಇದ್ದದ್ದು ಬೇಸರ. ತಿಂಗಳಿಡೀ ಕಣ್ಣು ಕೆಂಪು ಮಾಡಿಕೊಂಡು ಕೆಲಸ ಮಾಡಿದ್ದಾಗಿದೆ. ಮೂರು ಸಲ ಸಾವನದುರ್ಗಕ್ಕೆ ಅಲೆದದ್ದಾಗಿದೆ. ಈಗ ಯಾರಿಗೆ ಅಂತ ಉತ್ತರ ಹೇಳುವುದು? ಮೇಡಂಗೆ ಏನು ಹೇಳುವುದು? ಏಳು ತಿಂಗಳ ಕೂಸು ಕೇಳ್ತೈತೆ ಅಂತಲಾ? ಆ ಬೇಸರದಲ್ಲೇ ದೀಪ ತೆಗೆದು ಅವಳ ಕೈಗೆ ಕೊಟ್ಟ.

ಅವಳಿಗೆ ಅದು ದೀಪ ಅಂತ ಗೊತ್ತಾಯಿತೋ ಇಲ್ಲವೋ. ಬಿಳಿಯ ಮೇಲರ್ಧವನ್ನು ಹೆಬ್ಬೆರಳಿನಿಂದ ತಡವಿದಳು. ಮರ ಗುರುತು ಹಿಡಿದಳು. ಎದೆಗೆ ಒತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿದಳು.

ಗಿಲಕ್... ಗಿಲಕ್... ಗಿಲಕ್...

ಆ ಮುಖ ನೋಡಿದ ಮೇಲೆ ಅವಳ ಕೈಯಿಂದ ಅದನ್ನು ಕಿತ್ತುಕೊಳ್ಳಲು ತನ್ನಿಂದ ಆಗಲಿಲ್ಲ ಅಂದ ಲೋಕೇಶ. ಅಷ್ಟೇ ಹೇಳಿದ. ನಾನೂ ಹೆಚ್ಚು ಕೇಳಲಿಲ್ಲ.

ಕೂಸಿನ ಹತ್ತಿರ ಇಟ್ಟು ಬನ್ನಿ ಅಂದಳು ಮುದುಕಿ. ಸಂಜೆ ಕತ್ತಲಾಗುವ ಮುಂಚೆ ಗಂಗಯ್ಯ ಗುದ್ದಲಿ ತಂದ. ಮರದ ಬುಡದ ಪಕ್ಕ ಎರಡು ಮೊಳ ಅಗೆದ. ಲೋಕೇಶ ದೀಪ ತಿರುಗಿಸಿ ಬುಡ ನೋಡಿದ. ಅವನದೇ ಕೈಬರಹ, ಕಪ್ಪು ಶಾಯಿ: 40. ಆರಿದೆ ಅಂತ ಖಾತ್ರಿ ಮಾಡಿಕೊಂಡು ಗುಂಡಿಯಲ್ಲಿ ಮಲಗಿಸಿದ. ಮಣ್ಣು ಎಳೆದು ತುಳಿದು, ಮೇಲೆ ಒಂದು ಚಪ್ಪಡಿ ಹೊರಿಸಿದರು. ಚಪ್ಪಡಿ ಕೂತಾಗ ಅಡಿಯಿಂದ ಒಂದು ಸಲ... ಗಿಲಕ್.

ಗಂಗಯ್ಯ ಅವನ ಮುಖ ನೋಡಿದ.

"ಕೇಳಿಸ್ತೇನ್ಲಾ?"

"ಹೂಂ."

"ನಂಗೇನೂ ಕೇಳಿಸ್ಲಿಲ್ಲ ಕಣ್ಲಾ" ಅಂದು ಗಂಗಯ್ಯ ಗುದ್ದಲಿ ಹೆಗಲಿಗೇರಿಸಿ ಬೇಗ ಬೇಗ ಹೊರಟ.

ಶನಿವಾರ ಲಗೇಜು ಆಟೊದಲ್ಲಿ ಮೂವತ್ತೊಂಬತ್ತು ಡಬ್ಬ ಹೋದವು. ಹುಸೇನ್ ಜೊತೆಗಿದ್ದರು. ರಾಮನಗರ ದಾಟಿದ ಮೇಲೆ ಒಂದೇ ಮಾತು: "ವಾಪಸ್ ಬಂದ್ರೆ ಬರ್ಲಿ ಬಿಡಪ್ಪಾ. ನನ್ನ ಲೇತಿಗೂ ಸುಸ್ತಾಗೈತೆ." ಲೋಕೇಶ ರಸ್ತೆ ನೋಡುತ್ತಾ ಕೂತ.

ನಯನಾಗೆ ಎದುರಿಗೇ ಹೇಳಬೇಕು ಅಂತ ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದ. ಅವಳು ಸಿಗಲಿಲ್ಲ. ಓನರ ಜೊತೆ ಮೀಟಿಂಗಿನಲ್ಲಿದ್ದಾರೆ ಅಂದರು. ಗೇಟಿನ ಸೆಕ್ಯುರಿಟಿಯವನು ಡಬ್ಬ ಎರಡೆರಡು ಸಲ ಎಣಿಸಿ, ಚೀಟಿಯ ಮೇಲೆ '39' ಅಂತ ಬರೆದು, ಸುತ್ತ ಒಂದು ಗೆರೆ ಎಳೆದು ಸಹಿ ಹಾಕಿದ. "ನಲವತ್ತು ಅಂದಿದ್ರಲ್ಲ?" ಅಂತಲೂ ಕೇಳಿದ. ಲೋಕೇಶ ನಯನಾಗೆ ಫೋನು ಮಾಡಿದ, ಸ್ವಿಚ್ ಆಫ್. ವಾಟ್ಸಾಪಿನಲ್ಲಿ ಬರೆದ: 'ಮೇಡಂ, ಮೂವತ್ತೊಂಬತ್ತು ಕೊಟ್ಟಿದ್ದೇನೆ. ಒಂದು ಆಗಲಿಲ್ಲ. ಕ್ಷಮಿಸಿ.' ಒಂದೇ ಗುರುತು ಬಿತ್ತು. ಎರಡನೆಯದು ಬೀಳಲಿಲ್ಲ.

ಭಾನುವಾರ ರಾತ್ರಿ ಇಡೀ ಫೋನು ತೊಡೆಯ ಮೇಲಿಟ್ಟುಕೊಂಡು ಕೂತ. ಎಂಟಾಯಿತು, ಹತ್ತಾಯಿತು. ಒಂದು ಮೇಜು ಕತ್ತಲಲ್ಲಿ ಉಳಿದಿರುತ್ತದೆ, ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಅಂತ ಕಾದ. ಬೈಗುಳವೂ ಬರಲಿಲ್ಲ.

"ಬೈಲಿ ಅಂತ ಕಾಯೋರ್ನ ಇದೇ ಮೊದ್ಲು ನೋಡಿದ್ದು" ಅಂದು ಭಾನುಪ್ರಿಯ ದೀಪ ಆರಿಸಿದಳು.

ಸೋಮವಾರ ಹನ್ನೊಂದು ಗಂಟೆಗೆ ನಯನಾಳ ಫೋನು.

"ಸಾರಿ ಲೋಕೇಶ್ ಅವರೇ, ಶನಿವಾರದಿಂದ ನನ್ನ ಮೊಬೈಲ್ ಕೆಟ್ಟಿದೆ, ಇದು ಆಫೀಸ್ ಫೋನು. ನಿನ್ನೆ ತುಂಬಾ ಚೆನ್ನಾಗಾಯ್ತು. ಓನರು ಹಿತ್ತಾಳೆ ಮಾತೇ ಎತ್ತಲಿಲ್ಲ. ಇನ್ನೊಂದು ಅರವತ್ತು ಬೇಕಂತೆ."

"ಮೇಡಂ... ಒಂದು ಕಮ್ಮಿ ಆಯ್ತಲ್ಲ..."

"ಕಮ್ಮಿ ಎಲ್ಲಿ? ನಾನೇ ಒಂದೊಂದು ಟೇಬಲ್ಲೂ ನೋಡಿದ್ದೀನಿ. ನಲವತ್ತಿತ್ತು. ಆ ಸದ್ದು ಮಾಡ್ತಿತ್ತಲ್ಲ, ಅದನ್ನ ಹೆದರಿಕೊಂಡು ಕೊನೇ ಟೇಬಲ್ಲಿಗೆ ಇಡಿಸಿದ್ದೆ. ಒಂದು ಚೂರೂ ಸದ್ದಿಲ್ಲ. ಏನು ಮಾಡಿದ್ರಿ?"

ಲೋಕೇಶ ಜೇಬಿನಿಂದ ಸೆಕ್ಯುರಿಟಿಯವನ ಚೀಟಿ ತೆಗೆದು '39' ನೋಡಿದ.

"ಬುಡಕ್ಕೆಲ್ಲ ಕೆಂಪು ಮಣ್ಣು ಮೆತ್ತಿತ್ತು, ನಂಬರ್ ಕೂಡ ಕಾಣ್ತಿರಲಿಲ್ಲ. ಒರೆಸಿಸಿದೆ. ಇನ್ನೊಂದು ಸಲ ಸ್ವಲ್ಪ ನೋಡಿ ಪ್ಯಾಕ್ ಮಾಡಿ, ಆಯ್ತಾ?"

ಅವನು ಸೀದಾ ಬಾವಿಗೆ ಹೋದ. ಗಂಗಯ್ಯನೂ ಬಂದ. ಚಪ್ಪಡಿ ಇಟ್ಟಲ್ಲೇ ಇತ್ತು. ಸುತ್ತಲ ಮಣ್ಣು ಕದಲಿರಲಿಲ್ಲ. ಶುಕ್ರವಾರ ತುಳಿದ ಅವರದೇ ಹೆಜ್ಜೆ ಗುರುತು ಒಣಗಿ ಗಟ್ಟಿಯಾಗಿತ್ತು. ಚಪ್ಪಡಿಯ ಅಂಚಿಗೆ ಇರುವೆ ಆಗಲೇ ಮಣ್ಣು ತೆಗೆದು ಗೂಡು ಹಾಕಿತ್ತು.

"ಅಗ್ದು ನೋಡಾನೇನ್ಲಾ?" ಗಂಗಯ್ಯ ಪಿಸುಗುಟ್ಟಿದ.

"ಬ್ಯಾಡ."

"ಅವ್ವ ಮೂರು ದಿನದಿಂದ ಚೆನ್ನಾಗಿ ನಿದ್ದೆ ಮಾಡ್ತಾ ಐತೆ."

"ಹಂಗಾದ್ರೆ ಬ್ಯಾಡ."

ಇವತ್ತಿಗೂ ಅಗೆದಿಲ್ಲ. ದೊಡ್ಡಲಕ್ಷ್ಮಮ್ಮ ಇದ್ದಾಳೆ. ಈಗ ಗೋಡೆ ಹಿಡಿದು ಹೊಸ್ತಿಲವರೆಗೆ ಬರುತ್ತಾಳೆ. ಯಾರಿಗಾದರೂ ಅನುಮಾನ ಇದ್ದರೆ ಹೋಗಿ ಕೇಳಬಹುದು.

ಲೋಕೇಶ ಮಂಗಳವಾರ ಬಿಲ್ಲು ಕಳಿಸಿದ. ಮೂವತ್ತೊಂಬತ್ತಕ್ಕೇ ಬರೆದಿದ್ದ, ಎಪ್ಪತ್ತೆರಡು ಸಾವಿರದ ನೂರ ಐವತ್ತು. ಆ ಬಿಲ್ಲಿನ ನಕಲು ಹುಸೇನರ ಲೇತಿನ ಹಿಂದಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದೆ. ಅದರ ಪಕ್ಕ ಸೆಕ್ಯುರಿಟಿಯವನ ಚೀಟಿ, ಗೆರೆ ಎಳೆದ '39' ಸಮೇತ. ನಾನು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ್ದೇನೆ. ಗುರುವಾರ ಸಂಜೆ ಬ್ಯಾಂಕಿನಿಂದ ಮೆಸೇಜು ಬಂತು. ಲೋಕೇಶ ಅದನ್ನು ಇನ್ನೂ ಅಳಿಸಿಲ್ಲ. ಮೂರನೆಯ ರಾತ್ರಿ ಫೋನು ನನ್ನ ಕೈಗೆ ಕೊಟ್ಟ, ಅದನ್ನೂ ಓದಿದೆ.

ಎಪ್ಪತ್ತನಾಲ್ಕು ಸಾವಿರ ಬಂದಿತ್ತು. ನಲವತ್ತಕ್ಕೂ ಕೊಟ್ಟಿದ್ದರು.